ತುಕ್ಕು ಹಿಡಿದ ಕಾರನ್ನು ಯಾರ ಕೈಗೆ ಕೊಡಬೇಕು?

ನನ್ನ ಕಾರಿನ ಹಿಂದಿನ ಚಕ್ರದ ಮೇಲೆ, ಫೆಂಡರಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತ್ತು. ಕಿರುಬೆರಳಿನ ಉಗುರಿನಷ್ಟು, ಅಷ್ಟೇ. ಹತ್ತಿರದ ಒಂದು ಪೇಂಟಿಂಗ್ ಶೆಡ್ಡಿಗೆ ಕೊಟ್ಟೆ. ಸಂಜೆಯೊಳಗೆ ಕಾರು ವಾಪಸ್ ಬಂತು. ಗುಳ್ಳೆ ಎಲ್ಲಿತ್ತು ಅಂತ ಹುಡುಕಿದರೂ ಸಿಗದ ಹಾಗೆ ಬಣ್ಣ ಕೂತಿತ್ತು. ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಒಂದು ಮಳೆಗಾಲ ಕಳೆಯಿತು. ಅದೇ ಜಾಗದಲ್ಲಿ ಮೂರು ಗುಳ್ಳೆ.

ಎರಡನೇ ಸಲ ಬೇರೆಯವರ ಹತ್ತಿರ ಹೋದೆ. ಕಾರಿನ ತಗಡು ಬಡಿದು ಸರಿಮಾಡುವ, ವಯಸ್ಸಾದ ಟಿಂಕರ್. ಅವರು ಏನೂ ಮಾತಾಡದೆ ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದು ಗುಳ್ಳೆಯ ಮೇಲೆ ಮೆಲ್ಲಗೆ ಒತ್ತಿದರು. ಮೊನೆ ಸೀದಾ ಒಳಗೆ ಹೋಯಿತು. ಬಣ್ಣದ ಹಿಂದೆ ದಪ್ಪ ಪುಟ್ಟಿ. ಪುಟ್ಟಿಯ ಹಿಂದೆ ಒದ್ದೆಯಾದ ಕಂದು ಪುಡಿ. ಅದರ ಹಿಂದೆ ತಗಡೇ ಇಲ್ಲ. "ತುಕ್ಕು ತೆಗೆದಿಲ್ಲ ಸಾರ್, ಮುಚ್ಚಿದ್ದಾರೆ" ಅಂದರು.

ಮೊದಲ ಸಲ ನಾನು ವಿಚಾರಿಸಿದ್ದು ಬಣ್ಣ ಯಾರು ಚೆನ್ನಾಗಿ ಹೊಡೆಯುತ್ತಾರೆ ಅಂತ. ವಿಚಾರಿಸಬೇಕಿದ್ದದ್ದು ತುಕ್ಕನ್ನು ಯಾರು ಬುಡಸಮೇತ ತೆಗೆಯುತ್ತಾರೆ ಅಂತ. ಇವೆರಡೂ ಬೇರೆ ಬೇರೆ ಕಸುಬು. ಎರಡೂ ಒಂದೇ ಕಡೆ ಚೆನ್ನಾಗಿ ಆಗುವುದು ಅಪರೂಪ. ನಿಮ್ಮ ಕಾರಿಗೆ ಇವೆರಡರಲ್ಲಿ ಯಾವುದು ಜಾಸ್ತಿ ಬೇಕು ಅನ್ನುವುದು ಗೊತ್ತಾದರೆ ಎಲ್ಲಿಗೆ ಹೋಗಬೇಕು ಅನ್ನುವುದೂ ಮುಕ್ಕಾಲು ಭಾಗ ಗೊತ್ತಾದ ಹಾಗೆ.

ಮೊದಲು ತುಕ್ಕಿನ ಆಳ ನೋಡಿ

ಯಾವ ಗ್ಯಾರೇಜಿಗೂ ಹೋಗುವ ಮುಂಚೆ ಕಾರು ತೊಳೆದು, ಒಣಗಿಸಿ, ಹಗಲು ಬೆಳಕಿನಲ್ಲಿ ಅರ್ಧ ಗಂಟೆ ಅದರ ಸುತ್ತ ಕೂತು ನೋಡಿ. ಟಾರ್ಚ್ ಇಟ್ಟುಕೊಳ್ಳಿ. ಮೊಣಕಾಲೂರಿ ಬಗ್ಗಲೇಬೇಕು, ನಿಂತು ನೋಡಿದರೆ ತುಕ್ಕು ಕಾಣುವುದಿಲ್ಲ.

ಕಲ್ಲು ಸಿಡಿದು ಬಣ್ಣ ಹಾರಿದ ಜಾಗದಲ್ಲಿ ಸಣ್ಣ ಕಂದು ಚುಕ್ಕೆ ಇದ್ದರೆ ಅದು ಹೊರಗಿನಿಂದ ಶುರುವಾದ ತುಕ್ಕು. ಬೇಗ ನೋಡಿಕೊಂಡರೆ ಸುಲಭವಾಗಿ ಮುಗಿಯುತ್ತದೆ. ಬಣ್ಣ ಎಲ್ಲೂ ಒಡೆದಿಲ್ಲ, ಆದರೂ ಗುಳ್ಳೆ ಎದ್ದಿದೆ ಅಂದರೆ ಹುಷಾರಾಗಿ. ಸಾಮಾನ್ಯವಾಗಿ ಅದು ತಗಡಿನ ಹಿಂಬದಿಯಿಂದ ತಿಂದುಕೊಂಡು ಬಂದ ತುಕ್ಕು. ಕಬ್ಬಿಣಕ್ಕಿಂತ ತುಕ್ಕಿಗೆ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಅದು ಉಬ್ಬಿ ಬಣ್ಣವನ್ನು ಮೇಲಕ್ಕೆ ತಳ್ಳುತ್ತದೆ. ನಿಮಗೆ ಕಾಣುವುದು ಆ ಉಬ್ಬಿನ ತುದಿ ಮಾತ್ರ. ಒಳಗೆ ಅದರ ಮೂರು ನಾಲ್ಕು ಪಟ್ಟು ಅಗಲ ಹರಡಿರುವುದು ಮಾಮೂಲು.

ಎಲ್ಲೆಲ್ಲಿ ನೋಡಬೇಕು? ನೀರು ನಿಲ್ಲುವ ಕಡೆ, ಕೆಸರು ಕೂರುವ ಕಡೆ. ಚಕ್ರದ ಕಮಾನಿನ ಅಂಚಿನಲ್ಲಿ ಎರಡು ತಗಡು ಸೇರಿ ಮಡಚಿಕೊಂಡಿರುತ್ತವೆ, ಆ ಸಂದಿಯಲ್ಲಿ ಮಣ್ಣು ಒದ್ದೆಯಾಗಿಯೇ ಇರುತ್ತದೆ. ಬಾಗಿಲಿನ ತಳದಲ್ಲಿ ನೀರು ಹೋಗಲಿ ಅಂತ ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ಗಾಜಿನ ಪಕ್ಕದಿಂದ ಇಳಿದ ಮಳೆನೀರು ಬಾಗಿಲೊಳಗೇ ನಿಲ್ಲುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಟೈರ್ ಎತ್ತಿ ಕೆಳಗೆ ನೋಡಿ. ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಪಕ್ಕ, ಕಾಲಡಿಯ ಕಾರ್ಪೆಟ್ ಕೆಳಗೆ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ರನ್ನಿಂಗ್ ಬೋರ್ಡ್, ಇವೆಲ್ಲ ಮುಖ್ಯ. ಸಮುದ್ರದ ಗಾಳಿ ಬೀಸುವ ಊರಲ್ಲಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಊರಲ್ಲಿ ಓಡಿದ ಕಾರಾದರೆ ಇನ್ನೂ ಜಾಸ್ತಿ ಗಮನ ಕೊಡಿ.

ಹಳೆಯ ರಿಪೇರಿ ಇದೆಯಾ ಅಂತ ತಿಳಿಯಲು ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಇಟ್ಟು ನೋಡಿ. ಉಕ್ಕಿನ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಪುಟ್ಟಿ ದಪ್ಪಗಿದ್ದರೆ ಜಾರುತ್ತದೆ. (ಅಲ್ಯೂಮಿನಿಯಂ ಬಾನೆಟ್, ಪ್ಲಾಸ್ಟಿಕ್ ಬಂಪರ್ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ.) ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಇರುತ್ತದೆ. 300 ತೋರಿಸಿದರೆ ಒಮ್ಮೆ ಬಣ್ಣ ಹೊಡೆಸಿದ್ದಾರೆ ಅಂತ. 1000 ದಾಟಿದರೆ, ಅಂದರೆ ಒಂದು ಮಿಲಿಮೀಟರ್ ಮೀರಿದರೆ, ಅಲ್ಲಿ ಪುಟ್ಟಿ ಇದೆ.

ಕೊನೆಗೆ, ತುಕ್ಕು ಕಾರಿನ ಬಲ ಹೊರುವ ಜಾಗದಲ್ಲಿದೆಯಾ ಅಂತ ನೋಡಿ. ರನ್ನಿಂಗ್ ಬೋರ್ಡ್, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಬೋಲ್ಟ್ ಕೂರುವ ಕಡೆ, ಸೀಟ್ ಬೆಲ್ಟ್ ಕಟ್ಟಿರುವ ಕಡೆ, ಕೆಳಗಿನ ಚಾಸಿ ಭಾಗ. ಇಲ್ಲಿ ತಗಡು ಒತ್ತಿದರೆ ಬಗ್ಗುತ್ತದೆ, ಪುಡಿ ಉದುರುತ್ತದೆ ಅಂದರೆ ಅದು ಅಂದದ ವಿಷಯ ಅಲ್ಲ, ಪ್ರಾಣದ ವಿಷಯ. ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆಯುತ್ತೇನೆ ಅನ್ನುವವರ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ.

ಕಂಪನಿ ಸರ್ವೀಸ್ ಸೆಂಟರ್

ಕಾರು ಹೊಸದಾಗಿದ್ದರೆ ಮೊದಲು ಇಲ್ಲಿಗೇ ಹೋಗಿ, ಬೇರೆ ಯೋಚನೆ ಬೇಡ. ಯಾಕೆಂದರೆ ಬಹಳಷ್ಟು ಕಂಪನಿಗಳು ಬಾಡಿ ತುಕ್ಕು ಹಿಡಿದು ತೂತಾಗುವುದಕ್ಕೆ ಬೇರೆಯೇ ವಾರಂಟಿ ಕೊಡುತ್ತವೆ. ಇಂಜಿನ್ ವಾರಂಟಿ ಮುಗಿದ ಮೇಲೂ ಅದು ನಡೆಯುತ್ತಿರಬಹುದು. ಆದರೆ ಷರತ್ತುಗಳನ್ನು ಓದಿಕೊಂಡೇ ಹೋಗಿ. ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ತೂತಾದರೆ ಮಾತ್ರ ಲೆಕ್ಕ. ಬರೀ ಗುಳ್ಳೆ, ಕಲ್ಲೇಟಿನ ತುಕ್ಕು ಸೇರುವುದಿಲ್ಲ. ಕೆಲವರು ನಿಗದಿತ ಸಮಯಕ್ಕೆ ಬಾಡಿ ತಪಾಸಣೆ ಮಾಡಿಸಿ ಸರ್ವೀಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿರಬೇಕು ಅನ್ನುತ್ತಾರೆ. ಆ ಜಾಗವನ್ನು ಮೊದಲೇ ಹೊರಗೆ ಕೊಯ್ಯಿಸಿ ವೆಲ್ಡ್ ಮಾಡಿಸಿದ್ದರೆ ವಾರಂಟಿ ಕೈತಪ್ಪಬಹುದು. ಅದಕ್ಕೇ ಹೇಳಿದ್ದು, ಮೊದಲು ಇಲ್ಲಿ ಕೇಳಿ ಅಂತ.

ಇವರ ಹತ್ತಿರ ಇರುವ ಇನ್ನೊಂದು ದೊಡ್ಡ ಬಲ ಕಂಪನಿಯ ರಿಪೇರಿ ಕೈಪಿಡಿ. ಈಗಿನ ಕಾರುಗಳಲ್ಲಿ ಬಾಗಿಲ ನಡುವಿನ ಕಂಬ, ರನ್ನಿಂಗ್ ಬೋರ್ಡಿನ ಒಳಭಾಗ ಇವೆಲ್ಲ ತುಂಬ ಗಟ್ಟಿಯಾದ ಉಕ್ಕಿನವು. ಬೆಂಕಿ ತಾಗಿಸಿದರೆ ಅವುಗಳ ಬಲವೇ ಹೋಗುತ್ತದೆ. ಎಲ್ಲಿ ಕೊಯ್ಯಬಹುದು, ಎಲ್ಲಿ ಕೊಯ್ಯಬಾರದು ಅನ್ನುವುದು ಆ ಕೈಪಿಡಿಯಲ್ಲಿರುತ್ತದೆ. ಬಂಪರ್ ಹಿಂದೆ, ಸುತ್ತಲಿನ ವಾಹನ ಗುರುತಿಸುವ ರೇಡಾರ್ ಇರುವ ಕಾರುಗಳಿಗೂ ಇದು ಅನ್ವಯಿಸುತ್ತದೆ. ರೇಡಾರಿನ ಎದುರು ಪುಟ್ಟಿ ಹಚ್ಚಿದರೆ, ಪದರದ ಮೇಲೆ ಪದರ ಬಣ್ಣ ಬಿದ್ದರೆ ಅದು ಸರಿಯಾಗಿ ನೋಡಲಾರದು. ಎಲೆಕ್ಟ್ರಿಕ್ ಕಾರಾದರೆ ವೆಲ್ಡಿಂಗ್‌ಗೆ ಮುಂಚೆ ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸುವುದು ಗೊತ್ತಿರಬೇಕು. ಬಣ್ಣ ಒಣಗಿಸುವ ಬಿಸಿ ಗೂಡಿನಲ್ಲಿ ಎಷ್ಟು ಹೊತ್ತು, ಎಷ್ಟು ಶಾಖ ಅನ್ನುವುದಕ್ಕೂ ಕಂಪನಿ ಮಿತಿ ಹಾಕಿರುತ್ತದೆ.

ಕೊರತೆ ಎಲ್ಲಿ? ರಿಪೇರಿಗಿಂತ ಬದಲಾವಣೆ ಕಡೆಗೇ ಇವರ ಒಲವು. ಬಾಗಿಲು, ಮುಂದಿನ ಫೆಂಡರ್, ಬಾನೆಟ್ ಆದರೆ ಸರಿ, ಬೋಲ್ಟ್ ಬಿಚ್ಚಿ ಹೊಸದು ಹಾಕಬಹುದು. ಅದು ಎಷ್ಟೋ ಸಲ ಒಳ್ಳೆಯ ದಾರಿಯೇ. ಆದರೆ ಹಿಂದಿನ ಫೆಂಡರ್ ಬೋಲ್ಟಿನದಲ್ಲ, ಬಾಡಿಗೆ ವೆಲ್ಡ್ ಆಗಿರುತ್ತದೆ. ಅಂಚಿನಲ್ಲಿ ಅಂಗೈಯಷ್ಟು ತುಕ್ಕಿಗೆ ಇಡೀ ಫೆಂಡರ್ ಕೊಯ್ದು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಭದ್ರವಾಗಿ ಮುಚ್ಚಿದ್ದ ಜೋಡಣೆಗಳನ್ನೆಲ್ಲ ಸುಮ್ನೆ ಬಿಚ್ಚಿದ ಹಾಗಾಗುತ್ತದೆ. ಖರ್ಚೂ ಜಾಸ್ತಿ. ಹಳೆಯ ಮಾಡೆಲ್ ಆದರೆ ಪ್ಯಾನೆಲ್ ಸಿಗುವುದೂ ಕಷ್ಟ. ಜೊತೆಗೆ ನೀವು ಮಾತಾಡುವುದು ಕೌಂಟರಿನಲ್ಲಿ ಕೂತವರ ಜೊತೆ, ಕೆಲಸ ಮಾಡುವವರ ಜೊತೆ ಅಲ್ಲ. ಕೆಲವು ಸೆಂಟರ್‌ಗಳು ಬಾಡಿ ಕೆಲಸವನ್ನು ಹೊರಗಿನವರಿಗೆ ಕಳಿಸುತ್ತವೆ. "ಕೆಲಸ ಇಲ್ಲೇ ಆಗುತ್ತಾ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಬೂತ್ ಇರುವ ಬಾಡಿ ಶಾಪ್

ಬಣ್ಣವೇ ಮುಖ್ಯ ಅಂದರೆ ನನ್ನ ಮತ ಇವರಿಗೆ. ಬಾನೆಟ್ ಮಾಸಿದೆ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆಯಂತೆ ಏಳುತ್ತಿದೆ, ಬಾಗಿಲಿನ ಉದ್ದಕ್ಕೂ ಗೀರು ಬಿದ್ದಿದೆ ಅನ್ನುವಂಥ ಕೆಲಸಗಳು.

ಬೂತ್ ಅಂದರೆ ಬರೀ ಮುಚ್ಚಿದ ಕೋಣೆ ಅಲ್ಲ. ಮೇಲಿನಿಂದ ಸೋಸಿದ ಗಾಳಿ ಬರುತ್ತದೆ, ಧೂಳನ್ನೂ ಬಣ್ಣದ ಹನಿಗಳನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ಬಣ್ಣ ಹೊಡೆದ ಮೇಲೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ. ಹಾರ್ಡನರ್ (ಗಟ್ಟಿಯಾಗಿಸುವ ದ್ರಾವಣ) ಬೆರೆಸಿದ ಕ್ಲಿಯರ್ ಕೋಟ್ ಆ ಶಾಖದಲ್ಲಿ ಗಟ್ಟಿಯಾಗುತ್ತದೆ. ಬಯಲಲ್ಲಿ ಹೊಡೆದ ಬಣ್ಣಕ್ಕೆ ಆ ಗಟ್ಟಿತನ ಬರಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಧೂಳು ಕೂತಿರುತ್ತದೆ.

ಶೇಡ್ ಹೊಂದಿಸುವುದು ಇನ್ನೂ ನಾಜೂಕು. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಬಣ್ಣದ ಕೋಡ್ ಇರುತ್ತದೆ, ಕೋಡ್ ಹಾಕಿದರೆ ಆಯ್ತು ಅಂತ ಅಂದುಕೊಳ್ಳುತ್ತೇವೆ. ಆಗುವುದಿಲ್ಲ. ಒಂದೇ ಕೋಡಿಗೆ ಹಲವು ಛಾಯೆಗಳಿರುತ್ತವೆ. ನಿಮ್ಮ ಕಾರು ಎಷ್ಟೋ ವರ್ಷ ಬಿಸಿಲು ಕುಡಿದಿದೆ. ಮೆಟಾಲಿಕ್ ಬಣ್ಣ ಅಂದರೆ ಇನ್ನೊಂದು ತೊಡಕು. ಅದರಲ್ಲಿರುವ ಸಣ್ಣ ಲೋಹದ ಚೂರುಗಳು ಹೇಗೆ ಮಲಗುತ್ತವೆ ಅನ್ನುವುದು ಗನ್ನಿನ ಗಾಳಿಯ ಒತ್ತಡ, ದೂರ, ಕೈ ಓಡುವ ವೇಗದ ಮೇಲೆ ನಿಂತಿದೆ. ಅದೇ ಡಬ್ಬಿಯ ಬಣ್ಣ, ಕೈ ಬೇರೆಯಾದರೆ ಶೇಡ್ ಬೇರೆ. ಒಳ್ಳೆಯ ಪೇಂಟರ್ ಮೊದಲು ಒಂದು ತಗಡಿನ ತುಂಡಿನ ಮೇಲೆ ಹೊಡೆದು, ಒಣಗಿಸಿ, ಕಾರಿನ ಪಕ್ಕ ಹಿಡಿದು ಬಿಸಿಲಲ್ಲೂ ನೆರಳಲ್ಲೂ ನೋಡುತ್ತಾರೆ. ಆಮೇಲೂ ಪಕ್ಕದ ಪ್ಯಾನೆಲ್ ಮೇಲೆ ಸ್ವಲ್ಪ ಸ್ವಲ್ಪವಾಗಿ ತೆಳುವಾಗಿಸುತ್ತ ಬಣ್ಣ ಕರಗಿಸುತ್ತಾರೆ. ಬಾಗಿಲಿಗೆ ಬಣ್ಣ ಹೊಡೆಯಲು ಫೆಂಡರಿಗೂ ಕೈ ಹಾಕುತ್ತೇವೆ ಅಂದರೆ ಅದು ದುಡ್ಡು ಕೀಳುವ ದಾರಿ ಅಂದುಕೊಳ್ಳಬೇಡಿ. ಮೆಟಾಲಿಕ್, ಮುತ್ತಿನಂತೆ ಹೊಳೆಯುವ ಪರ್ಲ್ ಬಣ್ಣಕ್ಕೆ ಅದೇ ಸರಿಯಾದ ಕ್ರಮ.

ಆದರೆ ಇವರ ದಿನನಿತ್ಯದ ಕೆಲಸ ಅಪಘಾತದ ರಿಪೇರಿ. ಜಜ್ಜಿದ ತಗಡು ಅಂದರೆ ಒಳ್ಳೆಯ ತಗಡೇ, ಆಕಾರ ಕೆಟ್ಟಿದೆ ಅಷ್ಟೇ. ತುಕ್ಕು ತಿಂದ ತಗಡು ಹಾಗಲ್ಲ. ಎಷ್ಟು ಕೊಯ್ಯಬೇಕು ಅನ್ನುವುದು ಕೊಯ್ಯುತ್ತ ಹೋದ ಹಾಗೆ ಗೊತ್ತಾಗುತ್ತದೆ. ಬೂತ್ ಖಾಲಿ ಇರಬಾರದು, ಮುಂದಿನ ಕಾರು ಕಾಯುತ್ತಿರುತ್ತದೆ. ಹಾಗಾಗಿ ತುಕ್ಕಿನ ಕೆಲಸ ಬೇಡ ಅನ್ನುವ ಬಾಡಿ ಶಾಪ್‌ಗಳು ಎಷ್ಟೋ ಇವೆ. ಹಾಗೆ ನೇರವಾಗಿ ಹೇಳುವವರನ್ನು ನಾನು ನಂಬುತ್ತೇನೆ. ತಗಡಿನ ಕೆಲಸ ಬೇರೆ ಕಡೆ ಮುಗಿಸಿ, ಬಣ್ಣಕ್ಕೆ ಅವರ ಹತ್ತಿರವೇ ವಾಪಸ್ ಹೋಗಬಹುದು.

ಟಿಂಕರ್ ಶೆಡ್

ನನಗೆ ಮೊದಲು ಮೋಸವಾದದ್ದು ಇಂಥ ಕಡೆ. ಕಾರು ಸರಿಯಾದದ್ದೂ ಇಂಥ ಕಡೆಯೇ. ಹೊರಗಿನಿಂದ ನೋಡಿದರೆ ಎರಡೂ ಶೆಡ್ ಒಂದೇ ಥರ ಇದ್ದವು. ತಗಡಿನ ಮಾಡು, ನೆಲದ ಮೇಲೆ ಸುತ್ತಿಗೆಗಳು, ಮೂಲೆಯಲ್ಲಿ ಹಳೆಯ ಬಾಗಿಲುಗಳ ರಾಶಿ. ವ್ಯತ್ಯಾಸ ಇದ್ದದ್ದು ಕೈಯಲ್ಲಿ.

ಆ ಟಿಂಕರ್ ಕೆಲಸ ಮಾಡಿದ್ದನ್ನು ನಾನು ನಿಂತು ನೋಡಿದೆ. ಮೊದಲು ಗ್ರೈಂಡರಿನಿಂದ ಬಣ್ಣ, ಪುಟ್ಟಿ ಎಲ್ಲ ಕೆರೆದರು. ಬೆಳ್ಳಗೆ ಹೊಳೆಯುವ ತಗಡು ಸಿಗುವ ತನಕ ಕೆರೆಯುತ್ತಲೇ ಹೋದರು. ನನ್ನ ಮೂರು ಗುಳ್ಳೆ ಈಗ ಅಂಗೈ ಅಗಲದ ಜಾಗ ಆಗಿತ್ತು. ಮಾರ್ಕರಿನಿಂದ ಗೆರೆ ಹಾಕಿ ಆ ತುಂಡನ್ನು ಕೊಯ್ದು ತೆಗೆದರು. ಹೊಸ ತಗಡಿನ ಮೇಲೆ ಅದನ್ನಿಟ್ಟು ಅಳತೆ ತೆಗೆದರು. ಕೊಯ್ದು, ಬಡಿದು, ಹಿಡಿದು ನೋಡಿ, ಮತ್ತೆ ಬಡಿದು, ಕಮಾನಿನ ಬಾಗು ಬರುವ ತನಕ ಬಿಡಲಿಲ್ಲ. ಅಂಚಿಗೆ ಅಂಚು ಕೂರಿಸಿ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿದರು. ಒಂದು ಚುಕ್ಕಿ ಇಲ್ಲಿ, ತಣ್ಣಗಾಗಲಿ ಅಂತ ಇನ್ನೊಂದು ದೂರದಲ್ಲಿ. ಒಂದೇ ಸಮ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ.

ಈ ಕೈಕೆಲಸ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ. ಸುಮಾರು ಹಳೆಯದಾದ ಕಾರು, ಚಕ್ರದ ಅಂಚು, ಬಾಗಿಲ ತಳ, ಡಿಕ್ಕಿಯ ನೆಲ, ಇಂಥ ಕಡೆಗೆ ಒಳ್ಳೆಯ ಟಿಂಕರ್‌ಗಿಂತ ಮೇಲಿಲ್ಲ. ಖರ್ಚು ಕಡಿಮೆ. ಕಣ್ಣೆದುರೇ ಕೆಲಸ.

ಗಮನಿಸಬೇಕಾದ್ದು ಕೆಲವಿದೆ. ತೂತಿನ ಮೇಲೆ ಇನ್ನೊಂದು ತಗಡು ಹೊದಿಸಿ ವೆಲ್ಡ್ ಮಾಡುವವರಿದ್ದಾರೆ. ಎರಡು ತಗಡಿನ ನಡುವೆ ಹಳೆಯ ತುಕ್ಕೂ ಉಳಿಯುತ್ತದೆ, ನೀರೂ ನಿಲ್ಲುತ್ತದೆ. ಬೇಡ ಅನ್ನಿ. ಗ್ಯಾಸ್ ವೆಲ್ಡಿಂಗ್‌ಗಿಂತ ವಿದ್ಯುತ್ತಿನಿಂದ ಬೆಸೆಯುವ ಮಿಗ್ ವೆಲ್ಡಿಂಗ್ ವಾಸಿ. ಗ್ಯಾಸಿನ ಉರಿ ಸುತ್ತಲಿನ ಸತು ಲೇಪವನ್ನೂ ಬಣ್ಣವನ್ನೂ ಜಾಸ್ತಿ ಅಗಲಕ್ಕೆ ಸುಡುತ್ತದೆ. ಪುಟ್ಟಿ ಕೆಟ್ಟದ್ದೇನಲ್ಲ, ಎಲ್ಲರೂ ಬಳಸುತ್ತಾರೆ. ಆದರೆ ಅದು ಮೇಲ್ಮೈ ನುಣುಪು ಮಾಡಲಿಕ್ಕೆ, ಎರಡು ಮೂರು ಮಿಲಿಮೀಟರ್ ಒಳಗೆ. ಮಾಮೂಲಿ ಪುಟ್ಟಿ ತೇವ ಹೀರುತ್ತದೆ. ತೂತನ್ನು ಪುಟ್ಟಿಯಿಂದ ತುಂಬಿದರೆ ಹಿಂದಿನಿಂದ ನೀರು ಕುಡಿದು ಮತ್ತೆ ಗುಳ್ಳೆ ಏಳುವುದು ಗ್ಯಾರಂಟಿ. ಬಣ್ಣದ ವಿಷಯಕ್ಕೆ ಬಂದರೆ, ಬೂತ್ ಇಲ್ಲದ ಶೆಡ್ಡಿನಲ್ಲಿ ಬಾನೆಟ್, ಟಾಪ್ ಇಂಥ ದೊಡ್ಡ ಚಪ್ಪಟೆ ಜಾಗ ಹೊಡೆಸಬೇಡಿ, ಪರ್ಲ್ ಬಣ್ಣವಂತೂ ಬೇಡವೇ ಬೇಡ.

ಹಳೆಯ ಕಾರುಗಳನ್ನು ಪೂರ್ತಿ ಬಿಚ್ಚಿ ಹೊಸದು ಮಾಡುವವರು

ಬಲ ಹೊರುವ ಭಾಗ ತಿಂದುಹೋಗಿದ್ದರೆ, ಅಥವಾ ಈ ಕಾರನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳಲೇಬೇಕು ಅಂತಿದ್ದರೆ, ಇವರು. ಮರಳು ಹೊಡೆದು ತುಕ್ಕು ತೆಗೆಯುವ ಸಲಕರಣೆ ಇರುತ್ತದೆ, ಪೆಟ್ಟಿಗೆಯಂಥ ಮುಚ್ಚಿದ ಭಾಗಗಳ ಒಳಗೆ ಮೇಣ ಸಿಂಪಡಿಸುವ ಉದ್ದ ಕೊಳವೆ ಇರುತ್ತದೆ. ವಾರಗಳಲ್ಲ, ತಿಂಗಳುಗಳು ಹಿಡಿಯಬಹುದು. ಖರ್ಚು ಕಾರಿನ ಬೆಲೆಯನ್ನೇ ದಾಟಬಹುದು. ಕಾರಿನ ಮೇಲೆ ಅಷ್ಟು ಪ್ರೀತಿ ಇದ್ದರೆ ಮಾಡಿಸಿ. ಇಲ್ಲದಿದ್ದರೆ ಕಾರು ಬಿಟ್ಟುಬಿಡುವುದೂ ಒಂದು ಸರಿಯಾದ ನಿರ್ಧಾರವೇ.

ಉಳಿದವರು, ಮತ್ತು ನಾವೇ

ಮನೆ ಬಾಗಿಲಿಗೆ ಬಂದು ರಿಪೇರಿ ಮಾಡುವವರು ಬಂಪರ್ ಮೂಲೆಯ ಗೀರು, ಕಲ್ಲೇಟಿನ ಚುಕ್ಕೆಗೆ ಸರಿ. ಗುಳ್ಳೆಗೆ ಅಲ್ಲ. ಪಾಲಿಶ್, ಸೆರಾಮಿಕ್ ಕೋಟಿಂಗ್ ಅಂಗಡಿಗಳು ತುಕ್ಕಿಗೆ ಏನೂ ಮಾಡಲಾರವು. ಕಾರಿನ ತಳಕ್ಕೆ ಕಪ್ಪು ರಬ್ಬರಿನಂಥ ಕೋಟಿಂಗ್ ಹೊಡೆಸುವ ಮುಂಚೆಯೂ ಯೋಚಿಸಿ. ತುಕ್ಕು ತೆಗೆಯದೆ ಅದನ್ನು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಬೆಳೆಯುತ್ತದೆ, ಹೊರಗೆ ಕಾಣುವುದೂ ಇಲ್ಲ.

ಕಲ್ಲೇಟಿನ ಚುಕ್ಕೆ ಆದರೆ ನೀವೇ ಮಾಡಬಹುದು. ಉಪ್ಪುಕಾಗದದಿಂದ ತುಕ್ಕು ಪೂರ್ತಿ ಕೆರೆದು, ಎಣ್ಣೆ ಜಿಡ್ಡು ಒರೆಸಿ, ಪ್ರೈಮರ್, ಆಮೇಲೆ ಕಂಪನಿಯ ಟಚ್-ಅಪ್ ಬಣ್ಣ. ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುವ ದ್ರಾವಣಗಳು ಸಿಗುತ್ತವೆ, ಟ್ಯಾನಿಕ್ ಅಥವಾ ಫಾಸ್ಫೊರಿಕ್ ಆಮ್ಲದವು. ತೆಳುವಾದ, ಗಟ್ಟಿಯಾಗಿ ಅಂಟಿದ ತುಕ್ಕಿಗೆ ಅವು ಕೆಲಸ ಮಾಡುತ್ತವೆ. ಪದರ ಪದರವಾಗಿ ಏಳುವ ತುಕ್ಕಿಗೆ ಅಲ್ಲ. ಒಂದು ಮಾತ್ರ ಮನೆಯಲ್ಲಿ ಬೇಡ: ಹಾರ್ಡನರ್ ಬೆರೆಸಿದ ಬಣ್ಣ ಸ್ಪ್ರೇ ಮಾಡುವುದು. ಅದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು, ಮಾಮೂಲಿ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಮಾತಾಡುವಾಗ ಕೇಳಬೇಕಾದ್ದು

ಎಲ್ಲಿಗೆ ಹೋದರೂ ನಾನು ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ. "ತುಕ್ಕು ತೆಗೆದ ಮೇಲೆ, ಪ್ರೈಮರ್ ಹೊಡೆಯುವ ಮುಂಚೆ, ನನಗೆ ಒಮ್ಮೆ ತೋರಿಸುತ್ತೀರಾ?" ಬರಲಿಕ್ಕೆ ಆಗದಿದ್ದರೆ ಫೋಟೊ ಕಳಿಸಿ ಅನ್ನುತ್ತೇನೆ. ಒಳ್ಳೆಯ ಕೆಲಸಗಾರರಿಗೆ ಈ ಪ್ರಶ್ನೆ ಇಷ್ಟವಾಗುತ್ತದೆ, ಯಾಕೆಂದರೆ ಅವರ ಶ್ರಮ ಇರುವುದೇ ಅಲ್ಲಿ. ಅದೆಲ್ಲ ಯಾಕೆ ಬಿಡಿ, ನಾವು ನೋಡಿಕೊಳ್ಳುತ್ತೇವೆ ಅಂದರೆ ನಾನು ಕಾರು ಬಿಡುವುದಿಲ್ಲ.

ಎರಡನೆಯದು, ಹಿಂಬದಿಗೆ ಏನು ಹಾಕುತ್ತೀರಿ ಅಂತ. ಹೊರಗೆ ಎಷ್ಟೇ ಚಂದ ಬಣ್ಣ ಹೊಡೆದರೂ ವೆಲ್ಡ್ ಮಾಡಿದ ಹಿಂಭಾಗ ಬೋಳಾಗಿ ಉಳಿದರೆ ಅಲ್ಲಿಂದಲೇ ಮತ್ತೆ ಶುರು. ಒಳಗೆ ಮೇಣ ಸಿಂಪಡಿಸಲೇಬೇಕು.

ತಗಡಿನ ಕೆಲಸ ಒಂದು ಕಡೆ, ಬಣ್ಣ ಇನ್ನೊಂದು ಕಡೆ ಮಾಡಿಸುವುದಾದರೆ ನಡುವಿನ ಪ್ರೈಮರ್ ಬಗ್ಗೆ ಎಚ್ಚರ. ಮಾಮೂಲಿ ಬೂದು ಪ್ರೈಮರ್ ನೀರು ತಡೆಯುವುದಿಲ್ಲ. ಅದನ್ನು ಬಳಿದು ಕಾರನ್ನು ಹೊರಗೆ ಓಡಿಸಿದರೆ ಕೆಲವೇ ವಾರಗಳಲ್ಲಿ ಅಡಿಯಲ್ಲಿ ತುಕ್ಕು ಕೂರುತ್ತದೆ. ಬರಿ ತಗಡಿನ ಮೇಲೆ ಎಪಾಕ್ಸಿ ಪ್ರೈಮರ್ ಹಾಕಿ ಅನ್ನಿ. ಅದು ತೇವ ಬಿಡುವುದಿಲ್ಲ. ಪ್ರತಿ ಹಂತದ ಫೋಟೊ ನಿಮ್ಮ ಹತ್ತಿರ ಇರಲಿ. ಮುಂದೆ ಏನಾದರೂ ಆದರೆ ಟಿಂಕರ್ ಪೇಂಟರ್ ಕಡೆ, ಪೇಂಟರ್ ಟಿಂಕರ್ ಕಡೆ ಕೈ ತೋರಿಸುವುದು ತಪ್ಪುತ್ತದೆ.

ದುಡ್ಡಿನ ಮಾತು. ಕಾರು ನೋಡದೆ ಫೋನಿನಲ್ಲೇ ರೇಟ್ ಹೇಳುವವರು ತುಕ್ಕು ತೆಗೆಯುವ ಲೆಕ್ಕ ಹಾಕಿಲ್ಲ ಅಂತಲೇ ಅರ್ಥ. ಕೆರೆದು ನೋಡಿದ ಮೇಲೆ ಇಷ್ಟರಿಂದ ಇಷ್ಟಾಗಬಹುದು, ಜಾಸ್ತಿ ಆಗುವ ಹಾಗಿದ್ದರೆ ಮೊದಲು ನಿಮ್ಮನ್ನು ಕೇಳುತ್ತೇವೆ ಅನ್ನುವುದು ನಿಜವಾದ ಅಂದಾಜು. ಗ್ಯಾರಂಟಿ ಬರೆಸಿಕೊಳ್ಳಿ. ಬಣ್ಣಕ್ಕೆ ಎಷ್ಟು, ತುಕ್ಕು ವಾಪಸ್ ಬಂದರೆ ಎಷ್ಟು ಅಂತ ಬೇರೆ ಬೇರೆಯಾಗಿ ಬರೆದಿರಲಿ. ಇನ್ಶೂರೆನ್ಸ್ ನಂಬಿಕೊಳ್ಳಬೇಡಿ. ಸಾಮಾನ್ಯವಾಗಿ ತುಕ್ಕನ್ನು ಸವೆತ ಅಂತಲೇ ಲೆಕ್ಕ ಹಾಕುತ್ತಾರೆ.

ಕಾರು ವಾಪಸ್ ತರುವ ದಿನ

ಸಂಜೆ ಹೋಗಬೇಡಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಶೇಡ್ ವ್ಯತ್ಯಾಸ ಕಾಣುವುದಿಲ್ಲ. ಹಗಲು ಹೊತ್ತು ಹೋಗಿ, ಕಾರನ್ನು ಬಿಸಿಲಿಗೆ ತರಿಸಿ, ಎದುರಿನಿಂದಲೂ ಓರೆಯಿಂದಲೂ ನೋಡಿ. ಪ್ಯಾನೆಲ್ ಉದ್ದಕ್ಕೂ ಕಣ್ಣು ಮಟ್ಟಕ್ಕೆ ಬಗ್ಗಿದರೆ ಪುಟ್ಟಿಯ ಅಲೆ ಕಾಣುತ್ತದೆ. ರಬ್ಬರ್ ಬೀಡಿಂಗ್ ಮೇಲೆ, ಗಾಜಿನ ಅಂಚಿನಲ್ಲಿ ಬಣ್ಣ ಸಿಡಿದಿದೆಯಾ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಗಾಬರಿ ಬೇಡ, 2000 ನಂಬರಿನ ವಾಟರ್ ಪೇಪರ್ ಆಡಿಸಿ ಪಾಲಿಶ್ ಮಾಡಿದರೆ ಹೋಗುತ್ತದೆ. ಬಣ್ಣ ಇಳಿದು ಗಟ್ಟಿಯಾಗಿರುವ ಗೆರೆ, ಶೇಡ್ ವ್ಯತ್ಯಾಸ ಇದ್ದರೆ ಅಲ್ಲೇ ಹೇಳಿ.

ವ್ಯಾಕ್ಸ್ ಹಚ್ಚಲು ಒಂದೆರಡು ತಿಂಗಳು ಕಾಯಿರಿ, ಹೊಸ ಬಣ್ಣ ಪೂರ್ತಿ ಒಣಗಲಿ. ಬಾಗಿಲ ಕೆಲಸ ಮಾಡಿಸಿದ್ದರೆ ಮನೆಗೆ ಬಂದ ಮೇಲೆ ಒಂದು ಚೊಂಬು ನೀರನ್ನು ಕಿಟಕಿ ಗಾಜಿನ ಹೊರಗಡೆ ರಬ್ಬರ್ ಪಕ್ಕಕ್ಕೆ ಸುರಿಯಿರಿ. ಸ್ವಲ್ಪ ಹೊತ್ತಿಗೆ ಬಾಗಿಲ ತಳದ ತೂತುಗಳಿಂದ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಪುಟ್ಟಿಯೋ ಬಣ್ಣವೋ ಮೇಣವೋ ತೂತನ್ನು ಮುಚ್ಚಿದೆ ಅಂತ. ಅವತ್ತೇ ಕಾರು ತಗೊಂಡು ಹೋಗಿ ಬಿಡಿಸಿಕೊಂಡು ಬನ್ನಿ.